ಒಂದು ಕೈಲಿ ಜಪದ ಚೀಲ, ಇನ್ನೊಂದು ಕೈಲಿ ಸಿಟ್ಟಿನ ಚೀಲ: ಜಾರ್ಜ್ ಹ್ಯಾರಿಸನ್ ಸಾಕ್ಷ್ಯಚಿತ್ರ

ಮೊದಲೇ ಹೇಳಿಬಿಡುತ್ತೇನೆ, ಇದು ಮೂರೂವರೆ ಗಂಟೆಯ ಚಿತ್ರ. ಸರಿಯಾಗಿ ಲೆಕ್ಕ ಹಾಕಿದರೆ 208 ನಿಮಿಷ. ಬೀಟಲ್ಸ್ ಅನ್ನುವ ಬ್ರಿಟಿಷ್ ರಾಕ್ ತಂಡದ ಗಿಟಾರ್ ವಾದಕನ ಮೇಲೆ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ 2011ರಲ್ಲಿ ಮಾಡಿದ 'ಜಾರ್ಜ್ ಹ್ಯಾರಿಸನ್: ಲಿವಿಂಗ್ ಇನ್ ದ ಮೆಟೀರಿಯಲ್ ವರ್ಲ್ಡ್'. ಅಮೆರಿಕದ ಟಿವಿ ಚಾನೆಲ್ ಎಚ್‌ಬಿಒದಲ್ಲಿ ಬಂದಾಗ ಎರಡು ರಾತ್ರಿ, ಎರಡು ಭಾಗವಾಗಿ ತೋರಿಸಿದ್ದರು. ನೀವೂ ಹಾಗೇ ನೋಡಿ. ಒಂದೇ ಪಟ್ಟಿಗೆ ಕೂತರೆ ಎರಡನೇ ಭಾಗಕ್ಕೆ ಬರುವಷ್ಟರಲ್ಲಿ ಸುಸ್ತಾಗಿರುತ್ತೀರಿ, ಆದರೆ ಚಿತ್ರದ ಒಳ್ಳೆಯ ಸರಕೆಲ್ಲ ಇರುವುದು ಅಲ್ಲೇ.

ದೇವರ ದಾರಿ ಹಿಡಿದ ರಾಕ್ ಸಂಗೀತಗಾರರ ಮೇಲಿನ ಚಿತ್ರಗಳಿಗೆ ಒಂದು ಅಚ್ಚು ಇದೆ. ಮೊದಲರ್ಧ ಕುಡಿತ, ಡ್ರಗ್ಸ್, ಮುರಿದ ಮದುವೆ. ನಡುವೆ ಎಲ್ಲೋ ಒಂದು ರಾತ್ರಿ ಬಿಕ್ಕಿ ಬಿಕ್ಕಿ ಅಳು. ಆಮೇಲೆ ಪೂರ್ತಿ ಬೆಳಕು. ಮುಖದಲ್ಲಿ ಒಂದು ನಗು ಬಂದು ಕೂತುಬಿಡುತ್ತದೆ, ಕ್ರೆಡಿಟ್ಸ್ ಬರುವವರೆಗೂ ಇಳಿಯುವುದಿಲ್ಲ. ನನಗೆ ಆ ನಗು ಕಂಡರೆ ಆಗುವುದಿಲ್ಲ. ಮನುಷ್ಯ ಬದಲಾದ ಅಂದಮೇಲೆ ಆಮೇಲೆ ಅವನಿಗೆ ಹಲ್ಲುನೋವೂ ಬರಲಿಲ್ಲವಾ, ಹೆಂಡತಿ ಜೊತೆ ಜಗಳವೂ ಆಗಲಿಲ್ಲವಾ, ತೆರಿಗೆಯವರು ಕಾಟ ಕೊಟ್ಟಾಗ ಬೈಗುಳವೂ ಬಾಯಿಗೆ ಬರಲಿಲ್ಲವಾ ಅಂತ ಕೇಳಬೇಕು ಅನ್ನಿಸುತ್ತದೆ. ಸ್ಕಾರ್ಸೇಸಿ ಆ ಅಚ್ಚಿಗೆ ಕೈ ಹಾಕಿಲ್ಲ. ಹಾಕಿದ್ದರೂ ಜಾರ್ಜ್ ಅದರೊಳಗೆ ಕೂರುವ ಗಿರಾಕಿಯೇ ಅಲ್ಲ.

ಚಿತ್ರದ ಕೀಲಿ ಇರುವುದು ಬೀಟಲ್ಸ್‌ನ ಡ್ರಮ್ಮರ್ ರಿಂಗೋ ಸ್ಟಾರ್ ಬಾಯಲ್ಲಿ. ಅವನು ಹೇಳುವುದು ಇಷ್ಟು: ಜಾರ್ಜ್ ಹತ್ತಿರ ಒಂದು ಜಪಮಣಿಯ ಚೀಲ ಇತ್ತು, ಅದು ಪ್ರೀತಿಯ ಚೀಲ. ಜೊತೆಗೆ ಒಂದು ಸಿಟ್ಟಿನ ಚೀಲವೂ ಇತ್ತು. ಎರಡೂ ಬೇರೆ ಬೇರೆ, ಎರಡೂ ಅಷ್ಟೇ ನಿಜ. ಗೆಳೆಯನಲ್ಲದೆ ಬೇರೆ ಯಾರೂ ಹೀಗೆ ಹೇಳಲಾರರು. ಬೀಟಲ್ಸ್‌ನ 'ಶಾಂತ ಹುಡುಗ' ಅಂತ ಪತ್ರಿಕೆಯವರು ಇಟ್ಟ ಬಿರುದಿದೆಯಲ್ಲ, ಅದಕ್ಕಿಂತ ಈ ಎರಡು ಚೀಲದ ಮಾತೇ ಮನುಷ್ಯನನ್ನು ಜಾಸ್ತಿ ತೋರಿಸುತ್ತದೆ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 1943ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಹುಡುಗ, ಅಪ್ಪ ಬಸ್ ಡ್ರೈವರ್, ಅಮ್ಮನ ಕಡೆಯಿಂದ ಕ್ಯಾಥೊಲಿಕ್ ಸಂಪ್ರದಾಯ. ಇಪ್ಪತ್ತೊಂದು ತುಂಬುವ ಹೊತ್ತಿಗೆ ಜಗತ್ತಿನ ಅತಿ ಪ್ರಸಿದ್ಧ ನಾಲ್ವರಲ್ಲಿ ಒಬ್ಬ. ಇನ್ನೆರಡು ವರ್ಷಕ್ಕೆ ಅದೇ ಪ್ರಸಿದ್ಧಿ ಸಾಕಾಗಿ ಹೋಗಿದೆ. ಚಿತ್ರದ ಮೊದಲ ಭಾಗದಲ್ಲಿ ಅವನು ಮನೆಗೆ ಬರೆದ ಪತ್ರಗಳನ್ನು ಮಗ ಧನಿ ಓದುತ್ತಾನೆ. ಮಗನ ದನಿ ಅಪ್ಪನದರ ಹಾಗೇ ಇದೆ, ಕಣ್ಣು ಮುಚ್ಚಿ ಕೇಳಿದರೆ ಯಾರು ಮಾತಾಡುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಅರಚುವ ಹುಡುಗಿಯರು, ಓಡುವ ಕಾರು, ಹೋಟೆಲ್ ಕೋಣೆ, ಇವೆಲ್ಲ ಬೇರೆ ಬೀಟಲ್ಸ್ ಚಿತ್ರಗಳಲ್ಲೂ ನೋಡಿರುತ್ತೀರಿ. ಇಲ್ಲಿ ಅವುಗಳ ನಡುವೆ ಆ ಪತ್ರಗಳು ಬರುವುದರಿಂದ ಒಬ್ಬ ಹುಡುಗನ ಬೇಸರ ಕಣ್ಣಿಗೆ ಕಾಣುತ್ತದೆ. ತಂಡದಲ್ಲಿ ಪಾಲ್ ಮೆಕಾರ್ಟ್ನಿ ಮತ್ತು ಜಾನ್ ಲೆನನ್ ಇಬ್ಬರೇ ಹೆಚ್ಚಾಗಿ ಹಾಡು ಬರೆಯುವುದು, ಇವನ ಹಾಡಿಗೆ ಆಲ್ಬಮ್ಮಿನಲ್ಲಿ ಒಂದೋ ಎರಡೋ ಜಾಗ. ಆ ಸಿಟ್ಟು ಬೇರೆ. 'ಆಂಡ್ ಐ ಲವ್ ಹರ್' ಹಾಡಿನ ಶುರುವಿನ ಗಿಟಾರ್ ತುಣುಕು ಜಾರ್ಜ್‌ನದೇ, ಅದಿಲ್ಲದಿದ್ದರೆ ಆ ಹಾಡೇ ಇಲ್ಲ ಅಂತ ಪಾಲ್ ಮೆಕಾರ್ಟ್ನಿ ಈಗ ಕೂತು ಒಪ್ಪಿಕೊಳ್ಳುತ್ತಾನೆ. ಆಗ ಒಪ್ಪಿಕೊಂಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು, ಅಲ್ವಾ.

ನಂಬಿಕೆ ಅವನ ಬದುಕಿಗೆ ಬಂದದ್ದು ಒಂದೇ ಏಟಿಗೆ ಅಲ್ಲ. ಇದು ಚಿತ್ರದಲ್ಲಿ ನನಗೆ ತುಂಬಾ ಹಿಡಿಸಿದ ವಿಷಯ. 1965ರಲ್ಲಿ ಒಬ್ಬ ಹಲ್ಲಿನ ಡಾಕ್ಟರು ಊಟಕ್ಕೆ ಕರೆದು ಕಾಫಿಯಲ್ಲಿ ಭ್ರಮೆ ಹುಟ್ಟಿಸುವ ನಶೆ ಮದ್ದು ಎಲ್‌ಎಸ್‌ಡಿ ಬೆರೆಸಿ ಕೊಟ್ಟಿದ್ದು, ಅದೇ ವರ್ಷ ಒಂದು ಸಿನಿಮಾ ಶೂಟಿಂಗ್‌ನಲ್ಲಿ ಸಿತಾರ್ ಕಿವಿಗೆ ಬಿದ್ದದ್ದು, 1966ರಲ್ಲಿ ರವಿಶಂಕರ್ ಪರಿಚಯ ಆದದ್ದು, ಅವರು ಕೊಟ್ಟ ಪುಸ್ತಕದಿಂದ ಪರಮಹಂಸ ಯೋಗಾನಂದರು ಗೊತ್ತಾದದ್ದು. ಒಂದರ ಹಿಂದೆ ಒಂದು. 1967ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಿಪ್ಪಿಗಳು ಸೇರುತ್ತಿದ್ದ ಹೇಟ್-ಆಶ್‌ಬರಿಗೆ ಹೋಗುತ್ತಾನೆ. ಅಲ್ಲಿ ಜ್ಞಾನೋದಯ ಆದ ಜನ ಇರುತ್ತಾರೆ ಅಂತ ಅವನ ಲೆಕ್ಕ. ಸಿಕ್ಕಿದ್ದು ನಶೆಯಲ್ಲಿ ಬೀದಿಯಲ್ಲಿ ಬಿದ್ದುಕೊಂಡಿದ್ದ ಹುಡುಗರು. ಅಲ್ಲಿಗೆ ಎಲ್‌ಎಸ್‌ಡಿ ಸಾಕು ಅನ್ನಿಸಿತು. ಅದೇ ತಿಂಗಳು ಲಂಡನ್ನಿನಲ್ಲಿ ಮಹರ್ಷಿ ಮಹೇಶ್ ಯೋಗಿ ಭೇಟಿ, 1968ರ ಫೆಬ್ರವರಿಯಲ್ಲಿ ಧ್ಯಾನ ಕಲಿಯಲು ನಾಲ್ವರೂ ಋಷಿಕೇಶದ ಅವರ ಆಶ್ರಮಕ್ಕೆ. ಋಷಿಕೇಶದ ಕಥೆ ಎಲ್ಲರೂ ಸಾವಿರ ಸಲ ಹೇಳಿದ್ದಾರೆ, ನಾನು ಬಿಡುತ್ತೇನೆ. ಉಳಿದ ಮೂವರಿಗೆ ಅದು ಬಂದು ಹೋದ ಒಂದು ಋತು. ಇವನೊಬ್ಬ ಮಾತ್ರ ಅಲ್ಲಿಂದ ಹೊರಟ ಮೇಲೂ ಆ ದಾರಿ ಬಿಡಲಿಲ್ಲ.

ರವಿಶಂಕರ್ ಭಾಗಕ್ಕೆ ಬರೋಣ. ಇವರಿಬ್ಬರ ಸಂಬಂಧದಲ್ಲಿ ಗುರು, ಅಪ್ಪ, ಗೆಳೆಯ ಎಲ್ಲವೂ ಸೇರಿದೆ, ಚಿತ್ರ ಅದನ್ನು ಚೆನ್ನಾಗಿ ಹಿಡಿದಿದೆ. ಪಾಠದ ಮಧ್ಯೆ ಫೋನ್ ಬಂತು ಅಂತ ಜಾರ್ಜ್ ಎದ್ದು ಸಿತಾರನ್ನು ದಾಟಿಕೊಂಡು ಹೋದಾಗ, ವಾದ್ಯಕ್ಕೆ ಮರ್ಯಾದೆ ಕೊಡಬೇಕು ಅಂತ ರವಿಶಂಕರ್ ಅವನ ಕಾಲಿಗೆ ಒಂದು ಏಟು ಕೊಟ್ಟ ಕಥೆ ಪ್ರಸಿದ್ಧ. ನಮ್ಮ ಮನೆಗಳಲ್ಲಿ ಪುಸ್ತಕ ಕಾಲಿಗೆ ತಗುಲಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ, ಹಾಗಾಗಿ ನಮಗೆ ಇದರಲ್ಲಿ ವಿಶೇಷ ಕಾಣುವುದಿಲ್ಲ. ಆದರೆ ಜಗತ್ತೇ ಕಾಲಿಗೆ ಬೀಳುತ್ತಿದ್ದ ಇಪ್ಪತ್ತಮೂರರ ಹುಡುಗನಿಗೆ ಯಾರೋ ಹೊಡೆದು ಕಲಿಸಿದ್ದು ಅದೇ ಮೊದಲಿರಬೇಕು. ಅವನು ಅದನ್ನು ಅವಮಾನ ಅಂದುಕೊಳ್ಳಲಿಲ್ಲ. ಇನ್ನೊಂದು ವಿಷಯ. ಸಿತಾರ್‌ಗೆ ಇಡೀ ಬದುಕು ಕೊಡಬೇಕು, ತನ್ನಿಂದ ಅದು ಆಗದು ಅಂತ 1968ರ ಹೊತ್ತಿಗೆ ಅರ್ಥ ಮಾಡಿಕೊಂಡು ಗಿಟಾರ್‌ಗೆ ವಾಪಸ್ ಬಂದ. ಆಮೇಲೆ ಅವನು ನುಡಿಸಿದ ಸ್ಲೈಡ್ ಗಿಟಾರ್ ಕೇಳಿ. ಸ್ವರದಿಂದ ಸ್ವರಕ್ಕೆ ಜಾರುವ ರೀತಿಯಲ್ಲಿ ಸಿತಾರಿನ ಮೀಂಡ್ ಉಳಿದುಕೊಂಡಿದೆ. ಬಿಟ್ಟ ವಿದ್ಯೆ ಬೇರೆ ವಾದ್ಯದಲ್ಲಿ ಬಂದು ಕೂತಿದೆ.

ಇಲ್ಲಿ ಒಂದು ತಕರಾರು ಇದೆ, ಕನ್ನಡದವನಾಗಿ ಹೇಳಲೇಬೇಕು. ಜಾರ್ಜ್ ಮತ್ತು ರವಿಶಂಕರ್ ಮೊದಲು ಭೇಟಿಯಾದದ್ದು 1966ರ ಜೂನ್‌ನಲ್ಲಿ, ಲಂಡನ್ನಿನ ಫಿಂಚ್ಲೆಯಲ್ಲಿ, ಅಯನ ದೇವ ಅಂಗಡಿ ಅವರ ಮನೆಯಲ್ಲಿ. ಈ ಅಂಗಡಿಯವರು ನಮ್ಮ ಉತ್ತರ ಕರ್ನಾಟಕದ ಜಕನೂರಿನವರು! ಇಂಗ್ಲೆಂಡಿಗೆ ಹೋಗಿ, ಹೆಂಡತಿ ಪೆಟ್ರೀಷಿಯಾ ಜೊತೆ 1946ರಲ್ಲಿ ಏಷ್ಯನ್ ಮ್ಯೂಸಿಕ್ ಸರ್ಕಲ್ ಶುರು ಮಾಡಿದವರು. ಭಾರತೀಯ ಸಂಗೀತ ಅಂದರೆ ಏನು ಅಂತ ಲಂಡನ್ನಿನವರಿಗೆ ಗೊತ್ತಿಲ್ಲದ ಕಾಲದಲ್ಲಿ ಕಛೇರಿ ಮಾಡಿಸಿದವರು. ಬೀಟಲ್ಸ್‌ನ 'ನಾರ್ವೇಜಿಯನ್ ವುಡ್' ಹಾಡಿನ ರೆಕಾರ್ಡಿಂಗ್ ನಡುವೆ ಸಿತಾರಿನ ತಂತಿ ತುಂಡಾದಾಗ ಫೋನ್ ಹೋದದ್ದು ಇವರಿಗೆ. 'ಲವ್ ಯೂ ಟು' ಹಾಡಿಗೆ ತಬಲಾ ನುಡಿಸಿದ ಅನಿಲ್ ಭಾಗ್ವತ್ ಬಂದದ್ದು ಇವರ ಮೂಲಕ. 'ವಿದಿನ್ ಯೂ ವಿದೌಟ್ ಯೂ' ಹಾಡಿನ ಭಾರತೀಯ ವಾದ್ಯಗಾರರು ಬಂದದ್ದೂ ಅದೇ ಸರ್ಕಲ್‌ನಿಂದ. ಅಂದರೆ ಜಾರ್ಜ್‌ನ ಬದುಕು ತಿರುಗಿದ ಬಾಗಿಲಲ್ಲಿ ನಿಂತಿದ್ದವರು ಒಬ್ಬ ಕನ್ನಡಿಗ. ಮೂರೂವರೆ ಗಂಟೆ ಸಮಯ ಇಟ್ಟುಕೊಂಡ ಚಿತ್ರ ಆ ಮನೆಯ ಮುಂದೆ ನಿಲ್ಲುವುದಿಲ್ಲ. ಸ್ಕಾರ್ಸೇಸಿಯನ್ನು ಬೈದು ಏನು ಮಾಡುವುದು, ಅಂಗಡಿಯವರ ಮೇಲೆ ಒಂದು ಸಾಕ್ಷ್ಯಚಿತ್ರ ನಾವೇ ಮಾಡಬೇಕಿತ್ತು. ರಸ್ತೆಗೊಂದು ಯೂಟ್ಯೂಬ್ ಚಾನೆಲ್ ಇರುವ ಈ ಕಾಲದಲ್ಲಿ ಯಾರಾದರೂ ಮಾಡಿ ಮಹಾರಾಯರೇ.

ಎರಡನೇ ಭಾಗ ಶುರುವಾಗುವ ಹೊತ್ತಿಗೆ ಬೀಟಲ್ಸ್ ಮುಗಿದಿದೆ. 1970ರ ನವೆಂಬರ್‌ನಲ್ಲಿ 'ಆಲ್ ಥಿಂಗ್ಸ್ ಮಸ್ಟ್ ಪಾಸ್', ಮೂರು ರೆಕಾರ್ಡಿನ ಆಲ್ಬಮ್. ವರ್ಷಗಟ್ಟಲೆ ಒಳಗೆ ತಡೆದಿಟ್ಟದ್ದೆಲ್ಲ ಹೊರಗೆ ಬಂದ ಹಾಗೆ. ಅದರಲ್ಲಿರುವ 'ಮೈ ಸ್ವೀಟ್ ಲಾರ್ಡ್' ಹಾಡಿನಲ್ಲಿ ಹಿಂದಿನ ಕೋರಸ್ 'ಹಲ್ಲೆಲೂಯಾ' ಅಂತ ಹಾಡುತ್ತ ಹಾಡುತ್ತ 'ಹರೇ ಕೃಷ್ಣ'ಕ್ಕೆ ಹೊರಳುತ್ತದೆ, ಕೇಳುವವರಿಗೆ ಯಾವಾಗ ಹೊರಳಿತು ಅಂತಲೇ ತಿಳಿಯುವುದಿಲ್ಲ. ಬೀಟಲ್ಸ್ ನಾಲ್ವರಲ್ಲಿ ಒಬ್ಬೊಬ್ಬರೇ ಆಗಿ ಮಾಡಿದ ಹಾಡುಗಳಲ್ಲಿ ಮೊದಲು ನಂಬರ್ ಒನ್ ಆದದ್ದು ಇದು. ದೇವರಿಗೆ ಬರೆದ ಹಾಡು! ತಮಾಷೆ ಏನೆಂದರೆ, 1976ರಲ್ಲಿ ಅಮೆರಿಕದ ಕೋರ್ಟು ಅದರ ರಾಗ ಒಂದು ಹಳೆಯ ಪಾಪ್ ಹಾಡಿನದು, ಗೊತ್ತಿಲ್ಲದೇ ಕದ್ದಿದ್ದಾನೆ ಅಂತ ತೀರ್ಪು ಕೊಟ್ಟಿತು.

1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ನೆರವಿಗೆ ನಡೆದ ಕಛೇರಿಯನ್ನು ದೊಡ್ಡ ಪರದೆಯಲ್ಲಿ, ಒಳ್ಳೆ ಸ್ಪೀಕರ್‌ನಲ್ಲಿ ನೋಡಿ. ರವಿಶಂಕರ್ ಬಂದು ನಮ್ಮವರು ಸಾಯುತ್ತಿದ್ದಾರೆ, ಏನಾದರೂ ಮಾಡು ಅಂದದ್ದಕ್ಕೆ ಇವನು ಕೆಲವೇ ವಾರದಲ್ಲಿ ಫೋನ್ ಮಾಡಿ ಮಾಡಿ ಜನ ಸೇರಿಸಿದ. ವೇದಿಕೆ ಮುಂದೆ ನಿಂತು ಮಾತಾಡುವುದು ಅಂದರೆ ಹೆದರುವ ಮನುಷ್ಯ, ಅಂದು ನಿಂತ. ಟಿಕೆಟ್ಟಿನಿಂದ ಬಂದ 2,43,418 ಡಾಲರ್ ಯುನಿಸೆಫ್‌ಗೆ ಹೋಯಿತು. ರವಿಶಂಕರ್, ಅಲಿ ಅಕ್ಬರ್ ಖಾನ್ ಶ್ರುತಿ ಮಾಡಿಕೊಂಡು ಮುಗಿಸಿದ್ದಕ್ಕೇ ಜನ ಚಪ್ಪಾಳೆ ಹೊಡೆದರು, ಶ್ರುತಿಯೇ ಇಷ್ಟು ಹಿಡಿಸಿದರೆ ನುಡಿಸುವುದು ಇನ್ನೂ ಹಿಡಿಸಬಹುದು ಅಂತ ರವಿಶಂಕರ್ ಅಂದರು. ಇವತ್ತಿಗೂ ನಗು ತರಿಸುವ ಮಾತು.

ಇನ್ನು ಫ್ರೈಯರ್ ಪಾರ್ಕ್. 1970ರಲ್ಲಿ ಕೊಂಡ ಅರಮನೆ, ಥೇಮ್ಸ್ ದಡದ ಹೆನ್ಲಿ ಊರಲ್ಲಿ, ಸುಮಾರು 120 ಕೋಣೆ. ಸುತ್ತ ಹಾಳುಬಿದ್ದ ದೊಡ್ಡ ತೋಟ, ಅದರಲ್ಲಿ ಗುಹೆಗಳು, ಕಲ್ಲಿನಲ್ಲಿ ಕಟ್ಟಿದ ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಬೆಟ್ಟದ ನಕಲು! ಕೃಷ್ಣನ ಭಕ್ತ, ಸಸ್ಯಾಹಾರಿ, ಆದರೆ ವಾಸ 120 ಕೋಣೆಯ ಮನೆಯಲ್ಲಿ, ಶೋಕಿ ರೇಸ್ ಕಾರಿನದು. ನಮ್ಮ ದಾಸರ ಕಥೆ ಕೇಳಿ ಬೆಳೆದವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನವಕೋಟಿ ನಾರಾಯಣ ಅನ್ನಿಸಿಕೊಂಡ ವ್ಯಾಪಾರಿ ಒಂದು ಮೂಗುತಿಯಿಂದ ಕಣ್ಣು ತೆರೆದು ಎಲ್ಲ ಬಿಟ್ಟು ತಂಬೂರಿ ಹಿಡಿದು ಪುರಂದರದಾಸರಾದರು ಅಂತ ನಾವು ಕೇಳಿದ್ದೇವೆ. ಜಾರ್ಜ್ ಏನನ್ನೂ ಬಿಡಲಿಲ್ಲ. ಕೊಡುವುದು ಕೊಟ್ಟ, ಧಾರಾಳವಾಗಿ ಕೊಟ್ಟ. ಇಸ್ಕಾನ್ ಸ್ಥಾಪಕ ಪ್ರಭುಪಾದರ 'ಕೃಷ್ಣ' ಪುಸ್ತಕದ ಅಚ್ಚಿಗೆ ದುಡ್ಡು, 1973ರಲ್ಲಿ ಇಸ್ಕಾನ್‌ನವರಿಗೆ ಇಂಗ್ಲೆಂಡಿನಲ್ಲಿ ಇಡೀ ಒಂದು ಬಂಗಲೆ, ಅದೇ ಈಗಿನ ಭಕ್ತಿವೇದಾಂತ ಮ್ಯಾನರ್. ಆದರೆ ತಲೆ ಬೋಳಿಸಿಕೊಂಡು ಮಠ ಸೇರಲಿಲ್ಲ. ತಾನು ಮಫ್ತಿಯಲ್ಲಿರುವ ಭಕ್ತ ಅಂತ ಅವನೇ ಹೇಳಿಕೊಂಡಿದ್ದ. ಒಂದು ಸಲ ಫ್ರಾನ್ಸಿನಿಂದ ಪೋರ್ಚುಗಲ್‌ವರೆಗೆ ಕಾರು ಓಡಿಸುತ್ತ ದಾರಿಯುದ್ದಕ್ಕೂ ಮಂತ್ರ ಹೇಳಿಕೊಂಡೇ ಹೋದವನು. ಇದನ್ನು ಬೂಟಾಟಿಕೆ ಅನ್ನಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ, ಯಾಕೆಂದರೆ ಎಲ್ಲ ಬಿಟ್ಟವನ ಕಷ್ಟ ಒಂದು ತರಹ, ಬಿಡದೇ ಒಳಗೇ ಇದ್ದುಕೊಂಡು ದಿನಾ ತನ್ನ ಜೊತೆ ಜಗಳ ಆಡುವವನ ಕಷ್ಟ ಇನ್ನೊಂದು ತರಹ. ಕೆಲಸ, ಇಎಂಐ, ಟ್ರಾಫಿಕ್ ನಡುವೆ ಸಂಜೆ ಹತ್ತು ನಿಮಿಷ ದೇವರ ಮುಂದೆ ಕೂರುವ ನಮ್ಮಂಥವರಿಗೆ ಪುರಂದರದಾಸರಿಗಿಂತ ಈ ಮನುಷ್ಯನೇ ಹತ್ತಿರದವನು.

ನಂಬಿಕೆಯ ಬಗ್ಗೆ ಚಿತ್ರದಲ್ಲಿರುವ ಅತಿ ಒಳ್ಳೆಯ ಪ್ರಸಂಗ ದೇವಸ್ಥಾನದ್ದಲ್ಲ, ಸಿನಿಮಾದ್ದು. ಮಾಂಟಿ ಪೈಥನ್ ಅನ್ನುವ ಬ್ರಿಟಿಷ್ ಹಾಸ್ಯ ತಂಡ 'ಲೈಫ್ ಆಫ್ ಬ್ರಿಯಾನ್' ಅಂತ ಧರ್ಮದ ಹೆಸರಿನ ಕುರುಡುತನವನ್ನು ಗೇಲಿ ಮಾಡುವ ಚಿತ್ರ ಮಾಡಹೊರಟಿತು. ದುಡ್ಡು ಹಾಕುವವರು ಹೆದರಿ ಕೈಬಿಟ್ಟರು. ಜಾರ್ಜ್ ಮನೆ ಅಡವಿಟ್ಟು ದುಡ್ಡು ಕೊಟ್ಟ. ಯಾಕೆ ಅಂದರೆ, ಅವನಿಗೆ ಆ ಸಿನಿಮಾ ನೋಡಬೇಕಿತ್ತು, ಅಷ್ಟೇ! ಜಗತ್ತಿನಲ್ಲಿ ಒಂದು ಸಿನಿಮಾ ಟಿಕೆಟ್ಟಿಗೆ ಯಾರೂ ಇಷ್ಟು ಕೊಟ್ಟಿಲ್ಲ ಅಂತ ಆ ತಂಡದ ಎರಿಕ್ ಐಡಲ್ ನಗುತ್ತಾನೆ. ದಿನಾ ಜಪ ಮಾಡುವವನು ದೇವರ ಹೆಸರಿನ ಗೇಲಿಗೆ ಮನೆ ಪತ್ರ ಒತ್ತೆ ಇಡುತ್ತಾನೆ. ಒಂದು ಜೋಕಿಗೆ, ಒಂದು ಪೋಸ್ಟರಿಗೆ ಭಾವನೆ ಮುರಿದುಕೊಂಡು ಠಾಣೆಗೆ ಓಡುವವರನ್ನು ಕೂರಿಸಿ ಈ ಹತ್ತು ನಿಮಿಷ ತೋರಿಸಬೇಕು ಅಂತ ನನಗೆ ಆಸೆ.

ಹೆಂಡತಿ ಒಲಿವಿಯಾ ಮಾತು ಬಂದಾಗಲೆಲ್ಲ ಚಿತ್ರ ಏರುತ್ತದೆ. ಆಕೆ ಈ ಚಿತ್ರದ ನಿರ್ಮಾಪಕರಲ್ಲಿ ಒಬ್ಬರು, ಹಾಗಾಗಿ ಹೂವಿನ ಹಾರ ಹಾಕಿ ಮುಗಿಸುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಅವನಿಗೆ ಹೆಂಗಸರು ಅಂದರೆ ಇಷ್ಟ, ಹೆಂಗಸರಿಗೂ ಅವನು ಇಷ್ಟ ಅನ್ನುವುದನ್ನು ಮುಚ್ಚಿಡುವುದಿಲ್ಲ. ಮದುವೆ ಇಷ್ಟು ಕಾಲ ಉಳಿದ ಗುಟ್ಟು ಏನು ಅಂದರೆ, ಡೈವೋರ್ಸ್ ತೆಗೆದುಕೊಳ್ಳದೇ ಇರುವುದು ಅನ್ನುತ್ತಾರೆ. ನಗುತ್ತಲೇ ಹೇಳುತ್ತಾರೆ, ಆದರೆ ಆ ನಗುವಿನಲ್ಲಿ ಎಷ್ಟೋ ಜಗಳ ಇದೆ. 1999ರ ಡಿಸೆಂಬರ್ 30ರ ಬೆಳಗಿನ ಜಾವ ಮನೆಗೆ ನುಗ್ಗಿದವನು ಜಾರ್ಜ್‌ಗೆ ಚಾಕು ಹಾಕಿದ ಘಟನೆಯನ್ನು ಆಕೆಯೇ ವಿವರಿಸುತ್ತಾರೆ. ಅವನ ಎದುರು ಜಾರ್ಜ್ 'ಹರೇ ಕೃಷ್ಣ' ಅಂತ ಕೂಗಿದ್ದು, ಒಲಿವಿಯಾ ಕೈಗೆ ಸಿಕ್ಕಿದ್ದರಲ್ಲಿ ಅವನನ್ನು ಬಡಿದು ಗಂಡನನ್ನು ಉಳಿಸಿಕೊಂಡದ್ದು. ಸಂಗೀತ ಇಲ್ಲ, ನಾಟಕ ಇಲ್ಲ, ಬರೀ ಆಕೆಯ ಮುಖ. ಮಕ್ಕಳ ಜೊತೆ ನೋಡುವವರು ಈ ಭಾಗ ನೋಡಿಕೊಂಡು ತೋರಿಸಿ.

2001ರ ನವೆಂಬರ್ 29ರಂದು ಅವನು ತೀರಿಕೊಂಡಾಗ 58 ವರ್ಷ. ಸಾಯುವುದಕ್ಕೆ ಅವನು ಬದುಕಿಡೀ ತಯಾರಿ ಮಾಡಿಕೊಂಡಿದ್ದ ಅನ್ನುವ ಮಾತು ಚಿತ್ರದಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಹೊತ್ತಿನಲ್ಲಿ ಕೋಣೆಯಲ್ಲಿ ಬೆಳಕು ತುಂಬಿತ್ತು ಅಂತ ಒಲಿವಿಯಾ ಹೇಳುತ್ತಾರೆ. ನೀವು ನಂಬುತ್ತೀರೋ ಬಿಡುತ್ತೀರೋ, ಹೇಳುವಾಗ ಆಕೆಯ ದನಿಯಲ್ಲಿ ಒತ್ತಾಯ ಇಲ್ಲ. ನನ್ನನ್ನು ಕರಗಿಸಿದ್ದು ಅದಕ್ಕಿಂತ ರಿಂಗೋ ಹೇಳುವ ಕಥೆ. ಕೊನೆಯ ದಿನಗಳಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಜಾರ್ಜ್ ಹಾಸಿಗೆ ಹಿಡಿದಿದ್ದಾನೆ, ಏಳಲೂ ಆಗುವುದಿಲ್ಲ. ನೋಡಲು ಬಂದ ರಿಂಗೋ, ಮಗಳಿಗೆ ಮೆದುಳಿನ ಗಡ್ಡೆ, ಬಾಸ್ಟನ್‌ಗೆ ಹೊರಡಬೇಕು ಅನ್ನುತ್ತಾನೆ. ಮಲಗಿದ್ದಲ್ಲಿಂದಲೇ ಜಾರ್ಜ್ ಕೇಳುವುದು, ನಾನೂ ಜೊತೆಗೆ ಬರಲಾ ಅಂತ. ಇಷ್ಟು ಹೇಳಿ ರಿಂಗೋ ಕಣ್ಣು ಒರೆಸಿಕೊಳ್ಳುತ್ತಾನೆ, ಅಳಿಸಿಬಿಟ್ಟಿರಲ್ಲ ಅಂತ ಕ್ಯಾಮೆರಾ ಕಡೆ ಒಂದು ಬೈಗುಳವನ್ನೂ ಎಸೆಯುತ್ತಾನೆ. ಯಾವ ಪ್ರವಚನವೂ ಇದರ ಹತ್ತಿರ ಬರುವುದಿಲ್ಲ.

ಇನ್ನು ಕುಂದುಗಳು. ಇಸವಿ ಹೇಳುವ ಅಭ್ಯಾಸ ಈ ಚಿತ್ರಕ್ಕೆ ಕಡಿಮೆ. ನಿರೂಪಕನೂ ಇಲ್ಲ. ಹಿಂದೆ ಮುಂದೆ ಜಿಗಿಯುತ್ತದೆ, ಬೀಟಲ್ಸ್ ಕಥೆ ಗೊತ್ತಿಲ್ಲದವರು ಅಲ್ಲಲ್ಲಿ ದಾರಿ ತಪ್ಪುತ್ತಾರೆ. ಲಿವರ್‌ಪೂಲ್ ಉಚ್ಚಾರ ಗಟ್ಟಿ, ಸಬ್‌ಟೈಟಲ್ ಹಾಕಿಕೊಳ್ಳಿ. ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ತನ್ನ ಗೆಳೆಯ ಜಾರ್ಜ್‌ನ ಮೊದಲ ಹೆಂಡತಿ ಪ್ಯಾಟಿಯನ್ನು ಪ್ರೀತಿಸಿದ ಕಥೆಯನ್ನು ತಾನೇ ಕೂತು ಹೇಳುತ್ತಾನೆ, ಧೈರ್ಯ ಮೆಚ್ಚಬೇಕು, ಆದರೆ ಅದಕ್ಕೆ ಕೊಟ್ಟ ಸಮಯ ಜಾಸ್ತಿಯಾಯಿತು. ಅದೇ ಸಮಯ 1974ಕ್ಕೆ ಕೊಡಬೇಕಿತ್ತು. ಆ ವರ್ಷ ರವಿಶಂಕರ್ ಜೊತೆ ಉತ್ತರ ಅಮೆರಿಕ ಪ್ರವಾಸ ಮಾಡಿದ, ಗಂಟಲು ಕೆಟ್ಟು ದನಿಯೇ ಹೊರಡದು, ಜನ ಬೀಟಲ್ಸ್ ಹಾಡು ಕೇಳಿದರೆ ಇವನು ದೇವರ ಮಾತು ಆಡುತ್ತಾನೆ, ಕೊಕೇನ್ ಬೇರೆ, ಪತ್ರಿಕೆಗಳು ಹರಿದು ಹಾಕಿದವು. ಅದಾದ ಮೇಲೆ ಅವನು ಮಾಡಿದ ದೊಡ್ಡ ಪ್ರವಾಸ ಅಂದರೆ 1991ರ ಜಪಾನ್ ಒಂದೇ. ಭಕ್ತಿಯೂ ಚಟವೂ ಒಂದೇ ಮನುಷ್ಯನಲ್ಲಿ ಒಂದೇ ಕಾಲಕ್ಕೆ ಹೇಗೆ ಇದ್ದವು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಎರಡು ಚೀಲದ ಮಾತು ಎತ್ತಿದವರು ಎರಡನೇ ಚೀಲವನ್ನು ಪೂರ್ತಿ ಬಿಚ್ಚುವುದಿಲ್ಲ. ಮನೆಯವರೇ ನಿರ್ಮಾಪಕರಾಗಿರುವ ಚಿತ್ರದಲ್ಲಿ ಇಷ್ಟು ಸಿಕ್ಕಿದ್ದೇ ದೊಡ್ಡದು ಅನ್ನುವುದೂ ನಿಜ.

ಬೀಟಲ್ಸ್ ಅಂದರೆ ಏನೂ ಗೊತ್ತಿಲ್ಲದ ನಿಮ್ಮ ಅಮ್ಮನಿಗೆ ತೋರಿಸುವುದಾದರೆ ಎರಡನೇ ಭಾಗದಿಂದಲೇ ಶುರು ಮಾಡಿ, ಏನೂ ನಷ್ಟ ಇಲ್ಲ. ಸುಮ್ನೆ ಹಾಡು ಕೇಳುವ ಆಸೆ ಇದ್ದವರಿಗೆ ಇದು ಬೇಡ, ಹಾಡುಗಳು ಅರ್ಧಕ್ಕೇ ನಿಲ್ಲುತ್ತವೆ, ಸಿಟ್ಟು ಬರುತ್ತದೆ. 2012ರಲ್ಲಿ ಇದಕ್ಕೆ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂತು, ಸ್ಕಾರ್ಸೇಸಿಗೆ ನಿರ್ದೇಶನಕ್ಕೂ ಒಂದು ಬಂತು. ನಾನು ಕೊಡುವುದು ಐದಕ್ಕೆ ನಾಲ್ಕು. ಅರ್ಧ ಅಂಕ ಕಳೆದದ್ದು 1974ಕ್ಕೆ, ಇನ್ನರ್ಧ ಜಕನೂರಿನ ಅಂಗಡಿಯವರಿಗೆ.